ಜಾಗಟೆ, ಕರಟ, ಬಿದಿರು, ಹಾಳೆ: ನಾಲ್ಕು ಕೈಯ ತಾಳದ ರೋಬೋಟ್ ಮಾಡುವುದು ಹೇಗೆ

ನಮ್ಮ ಕಡೆ ಎಷ್ಟೋ ದೇವಸ್ಥಾನಗಳಲ್ಲಿ ಒಂದು ರೋಬೋಟ್ ಇದೆ. ಯಾರೂ ಅದನ್ನು ರೋಬೋಟ್ ಅನ್ನುವುದಿಲ್ಲ, ಅಷ್ಟೆ. ಮಂಗಳಾರತಿ ಹೊತ್ತಿಗೆ ಭಟ್ಟರು ಗೋಡೆಯ ಸ್ವಿಚ್ ಒತ್ತುತ್ತಾರೆ. ಮೋಟಾರು ತಿರುಗುತ್ತದೆ. ಅದರ ದಂಡಕ್ಕೆ ಕೂರಿಸಿದ ಕೊಕ್ಕೆಗಳು ಎರಡು ಕೋಲುಗಳನ್ನು ಎತ್ತಿ ಎತ್ತಿ ಬಿಡುತ್ತವೆ. ನಗಾರಿ ಡಬಡಬ ಅನ್ನುತ್ತದೆ, ಪಕ್ಕದಲ್ಲಿ ಗಂಟೆ ಅಲ್ಲಾಡುತ್ತದೆ. ಚಿಕ್ಕವನಿದ್ದಾಗ ನಾನು ದೇವರಿಗೆ ಬೆನ್ನು ಹಾಕಿ ಅದನ್ನೇ ನೋಡುತ್ತಾ ನಿಂತು ಬೈಸಿಕೊಂಡಿದ್ದೇನೆ.

ಆ ಯಂತ್ರಕ್ಕೆ ಬರುವುದು ಒಂದೇ ತಾಳ. ಲಯ ಬದಲಿಸಬೇಕು, ಮೆಲ್ಲಗೆ ಹೊಡೆಯಬೇಕು ಅಂದರೆ ಆಗುವುದಿಲ್ಲ. ನಾವು ಮಾಡಲು ಹೊರಟಿರುವುದು ಅದರ ತಮ್ಮನನ್ನು. ಇದಕ್ಕೆ ನಾಲ್ಕು ಕೈ, ನಾಲ್ಕು ಸ್ವರ. ಬೇಕಾದ ತಾಳ ಕಲಿಸಬಹುದು. ಕೊನೆಗೆ, ಎದುರಿಗೆ ನಿಂತವರು ಬೆರಳಲ್ಲಿ ಬಡಿದದ್ದನ್ನು ಕೇಳಿಸಿಕೊಂಡು ಅದು ವಾಪಸ್ ಬಡಿಯುತ್ತದೆ.

ನನ್ನ ಮೊದಲ ಯಂತ್ರ ತಯಾರಾದಾಗ ಊರಿನ ಚಂಡೆಯವರೊಬ್ಬರನ್ನು ಕರೆದು ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕವಳ ಬಾಯಲ್ಲೇ ಇಟ್ಟುಕೊಂಡು ಹೇಳಿದರು, "ಹೊಡಿಯಲೆ ಬತ್ತು ತಮಾ, ಬಿಡಲೆ ಬತ್ತಿಲ್ಲೆ." ಕೋಲು ಜಾಗಟೆಗೆ ಹೋಗಿ ಅಂಟಿಕೊಂಡು ನಿಲ್ಲುತ್ತಿತ್ತು, ನಾದ ಹುಟ್ಟುವ ಮೊದಲೇ ಸಾಯುತ್ತಿತ್ತು. ಈ ಮಾರ್ಗದರ್ಶಿಯಲ್ಲಿ ಬರುವ ಅಳತೆ, ಲೆಕ್ಕ, ತಿದ್ದುಪಡಿಗಳಲ್ಲಿ ಮುಕ್ಕಾಲು ಪಾಲು ಆ ಒಂದು ಮಾತನ್ನು ಸರಿಪಡಿಸಲು ಹೋಗಿ ಕಲಿತದ್ದು.

ಮೊದಲು ಸದ್ದು ಹುಡುಕಿ

ಬಹಳ ಜನ ಮೊದಲು ಆನ್‌ಲೈನಿನಲ್ಲಿ ಬೋರ್ಡು, ಮೋಟಾರು ತರಿಸಿಬಿಡುತ್ತಾರೆ. ಆಮೇಲೆ ಏನನ್ನು ಬಡಿಯುವುದು ಅಂತ ಯೋಚನೆ. ಇದು ಉಲ್ಟಾ. ಒಂದು ಭಾನುವಾರ ಮರದ ಸೌಟು ಹಿಡಿದು ಮನೆ, ಕೊಟ್ಟಿಗೆ, ತೋಟ ಸುತ್ತಿ. ಸಿಕ್ಕಿದ್ದನ್ನೆಲ್ಲ ಬಡಿದು ನೋಡಿ. ಮನೆಯವರು ಏನಾದರೂ ಅನ್ನುತ್ತಾರೆ, ಅನ್ನಲಿ.

ನನಗೆ ಒಗ್ಗಿದ ನಾಲ್ಕು ಹೀಗಿವೆ. ಒಂದು, ಮನೆಯ ಜಾಗಟೆ. ಇದರ ನಾದ ಉದ್ದ, ಹಾಗಾಗಿ ತಾಳದ ಮೊದಲ ಪೆಟ್ಟಿಗೆ ಸರಿ. ಎರಡು, ತೆಂಗಿನ ಕರಟ. ನಾರು ಕೆರೆದು ನಯ ಮಾಡಿ, ಬೋರಲು ಹಾಕಿದರೆ 'ಟೊಕ್' ಅನ್ನುತ್ತದೆ. ಮೂರು, ಎರಡು ಗಂಟಿನ ನಡುವಿನ ಬಿದಿರಿನ ತುಂಡು, ಉದ್ದಕ್ಕೆ ಒಂದು ಸೀಳು ಬಿಟ್ಟದ್ದು. ಚೆನ್ನಾಗಿ ಒಣಗಿರಬೇಕು. ಹಸಿ ಬಿದಿರು ಸುಮ್ನೆ 'ಥಪ್' ಅನ್ನುತ್ತದೆ. ನಾಲ್ಕು, ಅಡಿಕೆ ಹಾಳೆಯ ಡೋಲು. ಅಗಲ ಹಾಳೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ದೊಡ್ಡ ಡಬ್ಬಿಯ ಬಾಯಿಗೆ ಎಳೆದು ಕಟ್ಟಿ, ನೆರಳಲ್ಲಿ ಒಣಗಿಸಬೇಕು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದರೆ ಜಾರುವುದಿಲ್ಲ. ಒಣಗುತ್ತಾ ಬಿಗಿಯಾಗಿ ಗಂಭೀರವಾದ ಸದ್ದು ಕೊಡುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಮುರುಟಿ ಸೀಳುತ್ತದೆ. ನನ್ನ ಮೊದಲ ಮೂರು ಹಾಗೇ ಹೋದವು.

ಜಾಗಟೆಗೆ ಸ್ಕ್ರೂ ಹಾಕಬೇಡಿ. ಎರಡು ತೂತಿನಿಂದ ದಾರದಲ್ಲಿ ತೂಗಾಡಿಸಿ. ಕರಟ, ಬಿದಿರುಗಳನ್ನೂ ಗಟ್ಟಿಯಾಗಿ ಬಿಗಿಯದೆ, ಟ್ಯೂಬಿನ ರಬ್ಬರ್ ತುಂಡಿನ ಮೇಲೆ ಕೂರಿಸಿ. ಬಿಗಿದ ವಸ್ತು ಹಾಡುವುದಿಲ್ಲ.

ಸಾಮಾನು

ಮೆದುಳಿಗೆ ಆರ್ಡುಯಿನೋ ಊನೋ ಸಾಕು. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆರ್ಡುಯಿನೋ ಕುಟುಂಬದ ಬೋರ್ಡು ಇದು, ಪ್ರೋಗ್ರಾಮ್ ತುಂಬಿ ನಡೆಸುವ ಚಿಕ್ಕ ಕಂಪ್ಯೂಟರ್ ಅನ್ನಿ. ವಿನ್ಯಾಸ ಎಲ್ಲರಿಗೂ ಮುಕ್ತ, ಹಾಗಾಗಿ ಕಡಿಮೆ ಬೆಲೆಯ ತದ್ರೂಪಗಳೂ ಸಿಗುತ್ತವೆ. ನಿಮ್ಮೂರಿನ ಹೈಸ್ಕೂಲಿನಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಒಮ್ಮೆ ಮಾಸ್ತರರನ್ನು ಕೇಳಿ. 6ರಿಂದ 12ನೇ ತರಗತಿ ಮಕ್ಕಳಿಗೆಂದೇ ಇರುವ ಆ ಲ್ಯಾಬಿನ ಕಪಾಟಿನಲ್ಲಿ ಇದು ಧೂಳು ಹಿಡಿದು ಕೂತಿರುವ ಸಾಧ್ಯತೆ ಇದೆ.

ಕೈಗಳಿಗೆ 4 ಸೊಲೆನಾಯ್ಡ್ ಬೇಕು. ತಂತಿ ಸುರುಳಿಯೊಳಗೆ ಕಬ್ಬಿಣದ ಕಡ್ಡಿ, ಕರೆಂಟು ಕೊಟ್ಟರೆ ಕಡ್ಡಿ ಚಿಮ್ಮುತ್ತದೆ. ಇಷ್ಟೇ ಅದರ ಗುಟ್ಟು. 12 ವೋಲ್ಟಿನದು, ಸುಮಾರು 1 ಆಂಪಿಯರ್ ಎಳೆಯುವುದು, 10 ಮಿ.ಮೀ. ಚಲನೆಯದು, ಒಳಗೇ ಸ್ಪ್ರಿಂಗ್ ಇದ್ದು ತಾನಾಗಿ ಹಿಂದೆ ಬರುವಂಥದ್ದನ್ನು ಆರಿಸಿ. ಸಣ್ಣ ಸರ್ವೋ ಮೋಟಾರು ಹಾಕಬಹುದಲ್ವಾ ಅಂತ ಕೇಳುತ್ತಾರೆ. ಹಾಕಬಹುದು, ಆದರೆ ಅದು ನಿಧಾನ, ಮೇಲಾಗಿ 'ಕಿರ್ ಕಿರ್' ಅನ್ನುತ್ತದೆ. ತಾಳಕ್ಕಿಂತ ಅದರ ಗೊಣಗಾಟವೇ ಜಾಸ್ತಿ ಕೇಳುತ್ತದೆ.

ಉಳಿದದ್ದು: ಎಲೆಕ್ಟ್ರಾನಿಕ್ ಸ್ವಿಚ್ ಆಗಿ 4 ಮಾಸ್ಫೆಟ್ (ಐಆರ್‌ಎಲ್‌ಝಡ್ 44 ಎನ್), 4 ಡಯೋಡ್ (1ಎನ್ 4007), 220 ಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್ ನಾಲ್ಕು ನಾಲ್ಕು, 4 ಎಲ್ಇಡಿ, ಅವಕ್ಕೆ 1 ಕಿಲೋಓಮ್ ರೆಸಿಸ್ಟರ್, 2200 ಮೈಕ್ರೋಫ್ಯಾರಡ್‌ನ 25 ವೋಲ್ಟ್ ಕೆಪಾಸಿಟರ್ ಒಂದು, ಮನೆಯ ಕರೆಂಟನ್ನು ಇಳಿಸಿ ಕೊಡುವ 12 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್, ಫ್ಯೂಸ್, ವಾಯರ್. ಮಾಸ್ಫೆಟ್ ಕೊಳ್ಳುವಾಗ ಹೆಸರಿನ ಮೂರನೇ ಅಕ್ಷರ ನೋಡಿ. 'ಐಆರ್‌ಎಲ್' ಬೇಕು. 'ಐಆರ್‌ಎಫ್' ಕೊಟ್ಟು ಎರಡೂ ಒಂದೇ ಅಂತಾರೆ. ಒಂದೇ ಅಲ್ಲ. ಆರ್ಡುಯಿನೋ ಕೊಡುವ 5 ವೋಲ್ಟಿಗೆ ಅದು ಪೂರ್ತಿ ತೆರೆದುಕೊಳ್ಳುವುದಿಲ್ಲ. ಹೊಡೆತ ಸೋತು ಹೋಗುತ್ತದೆ, ಮಾಸ್ಫೆಟ್ ಬಿಸಿಯಾಗುತ್ತದೆ.

ಚೌಕಟ್ಟಿಗೆ ನಾನು ಅಡಿಕೆ ದಬ್ಬೆ ಬಳಸಿದೆ. ತೋಟದಲ್ಲಿ ಬಿದ್ದ ಮರ ಸೀಳಿದರೆ ಸಿಗುತ್ತದೆ, ಗಟ್ಟಿ, ಕಾಸಿಲ್ಲ. ಮೊಳೆ ಹೊಡೆದರೆ ಮಾತ್ರ ಸೀಳಿಬಿಡುತ್ತದೆ. ಮೊದಲು ಡ್ರಿಲ್ಲಿನಲ್ಲಿ ತೂತು ಮಾಡಿ, ಬೋಲ್ಟ್ ಹಾಕಿ.

ಕೈ ಮಾಡುವುದು

ಇಲ್ಲಿ ನಿಧಾನ ಮಾಡಿ. ಉಳಿದದ್ದನ್ನು ಬೇಗ ಮುಗಿಸಿದರೂ ಪರವಾಗಿಲ್ಲ.

ಸೊಲೆನಾಯ್ಡ್ ಕಡ್ಡಿಯಿಂದಲೇ ನೇರ ಬಡಿಸಿದರೆ 10 ಮಿ.ಮೀ. ಚಲನೆ ಸಾಲದು. ಸದ್ದೂ ಲೋಹದ ಗುದ್ದಿನ ಹಾಗೆ ಬರುತ್ತದೆ. ಅದಕ್ಕೆ ಸನ್ನೆಕೋಲು ಬೇಕು. ಕಪಾಟಿನ ಬಾಗಿಲಿಗೆ ಹಾಕುವ ಚಿಕ್ಕ ಬಿಜಾಗರಿ ತಗೊಳ್ಳಿ. ಅದರ ಒಂದು ರೆಕ್ಕೆ ಚೌಕಟ್ಟಿಗೆ, ಇನ್ನೊಂದು ರೆಕ್ಕೆಗೆ ಕೋಲು. ಬಿಜಾಗರಿಯಿಂದ 3 ಸೆಂ.ಮೀ. ದೂರದಲ್ಲಿ ಸೊಲೆನಾಯ್ಡ್ ಒತ್ತಬೇಕು, ಕೋಲಿನ ತುದಿ 15 ಸೆಂ.ಮೀ. ದೂರ ಇರಬೇಕು. ಆಗ ಕಡ್ಡಿ 10 ಮಿ.ಮೀ. ಸರಿದರೆ ತುದಿ 50 ಮಿ.ಮೀ. ಸರಿಯುತ್ತದೆ. ಬಲ ಐದನೇ ಒಂದಕ್ಕೆ ಇಳಿಯುತ್ತದೆ, ಆದರೆ ನಮಗೆ ಬೇಕಾದದ್ದು ವೇಗ.

ಕೋಲಿಗೆ ಬಿದಿರಿನ ಸೀಳು ಒಳ್ಳೆಯದು. ಪೆನ್ಸಿಲಿಗಿಂತ ತೆಳ್ಳಗೆ ಕೆತ್ತಿ. ತುದಿಯಲ್ಲಿ ಹಿಡಿದು ಬಗ್ಗಿಸಿದರೆ ಸ್ವಲ್ಪ ಬಳುಕಬೇಕು. ಈ ಬಳುಕು ಮುಖ್ಯ, ಯಾಕೆಂದು ಈಗ ಹೇಳುತ್ತೇನೆ.

ಸೊಲೆನಾಯ್ಡನ್ನು ಕೈಯಿಂದ ಪೂರ್ತಿ ಒತ್ತಿ ಹಿಡಿಯಿರಿ. ಈಗ ಕೋಲಿನ ತುದಿ ಜಾಗಟೆಯನ್ನು ಮುಟ್ಟಿದೆಯಾ? ಮುಟ್ಟಿದರೆ ತಪ್ಪು. 2–3 ಮಿ.ಮೀ. ಅಂತರ ಇರಬೇಕು.  ಹಾಗಾದರೆ ಹೊಡೆಯುವುದು ಹೇಗೆ? ಸೊಲೆನಾಯ್ಡ್ ಜೋರಾಗಿ ನೂಕಿ ತನ್ನ ಕೊನೆಗೆ ಹೋಗಿ ನಿಲ್ಲುತ್ತದೆ. ಬಳುಕುವ ಕೋಲು ಬಂದ ರಭಸಕ್ಕೆ ಇನ್ನೂ 3 ಮಿ.ಮೀ. ಮುಂದೆ ಹೋಗಿ, ಬಡಿದು, ತಾನೇ ಹಿಂದೆ ಚಿಮ್ಮುತ್ತದೆ. ಹೊಡೆಯುವ ಆ ಗಳಿಗೆಯಲ್ಲಿ ಅದನ್ನು ಯಾರೂ ಹಿಂದಿನಿಂದ ಒತ್ತುತ್ತಿರುವುದಿಲ್ಲ. ಪಿಯಾನೋದೊಳಗೆ ಇರುವುದೂ ಇದೇ ಉಪಾಯ. ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೊಫೋರಿ 1700ರ ಸುಮಾರಿಗೆ ಮಾಡಿದ ಪಿಯಾನೋದಲ್ಲಿ ಸುತ್ತಿಗೆ ತಂತಿ ಮುಟ್ಟುವ ಸ್ವಲ್ಪ ಮೊದಲೇ ಕೀಲಿಯಿಂದ ಬಿಡುಗಡೆಯಾಗುತ್ತದೆ. ನಮ್ಮ ಚಂಡೆಯವರ ಮಣಿಕಟ್ಟು ಮಾಡುವುದೂ ಅದನ್ನೇ.

ಈ ಅಂತರ ಪದೇ ಪದೇ ತಿದ್ದಬೇಕಾಗುತ್ತದೆ. ಆದ್ದರಿಂದ ಸೊಲೆನಾಯ್ಡ್ ಕೂರಿಸುವ ತೂತನ್ನು ದುಂಡಗೆ ಮಾಡದೆ ಉದ್ದಕ್ಕೆ ಗೀರಿನಂತೆ ಮಾಡಿ. ಬೋಲ್ಟ್ ಸಡಿಲಿಸಿ ಹಿಂದೆ ಮುಂದೆ ಸರಿಸಬಹುದು.

ಕೋಲಿನ ತುದಿಗೆ ಏನು ಕಟ್ಟುತ್ತೀರಿ ಎಂಬುದರ ಮೇಲೆ ಸ್ವರ ನಿಂತಿದೆ. ಜಾಗಟೆಗೆ ಮರದ ಗುಂಡು, ಅದರ ಮೇಲೆ ಒಂದು ಸುತ್ತು ಹತ್ತಿ ಬಟ್ಟೆ. ಹಾಳೆಗೆ ರಬ್ಬರ್. ಬಿದಿರು, ಕರಟಕ್ಕೆ ಬರಿಯ ಬಿದಿರು ತುದಿಯೇ ಚಂದ.

ವಾಯರಿಂಗ್

ಆರ್ಡುಯಿನೋದ ಒಂದು ಪಿನ್ನಿನಿಂದ 20 ಮಿಲಿ ಆಂಪಿಯರಿಗಿಂತ ಜಾಸ್ತಿ ಎಳೆಯಬಾರದು. ಸೊಲೆನಾಯ್ಡಿಗೆ ಅದರ 50 ಪಟ್ಟು ಬೇಕು. ನಡುವೆ ನಿಂತು ಆ ಭಾರ ಹೊರುವುದೇ ಮಾಸ್ಫೆಟ್. ತೋಟದಲ್ಲಿ ನೀರು ಬಿಡುವ ವಾಲ್ವ್ ಇದ್ದ ಹಾಗೆ: ತಿರುಗಿಸಲು ಎರಡು ಬೆರಳು ಸಾಕು, ಹರಿಯುವ ನೀರು ಪೈಪಿನ ತುಂಬ.

ಅಕ್ಷರ ಓದಲು ಬರುವಂತೆ ಮಾಸ್ಫೆಟ್ ಎದುರಿಗೆ ಹಿಡಿದರೆ ಕಾಲುಗಳು ಎಡದಿಂದ ಗೇಟ್, ಡ್ರೇನ್, ಸೋರ್ಸ್. ಆರ್ಡುಯಿನೋ ಪಿನ್ನಿನಿಂದ 220 ಓಮ್ ಮೂಲಕ ಗೇಟಿಗೆ. ಗೇಟಿನಿಂದ ಗ್ರೌಂಡಿಗೆ (ಅಂದರೆ ಮೈನಸ್ ತಂತಿಗೆ) 10 ಕಿಲೋಓಮ್. ಸೋರ್ಸ್ ನೇರ ಗ್ರೌಂಡಿಗೆ. ಸೊಲೆನಾಯ್ಡಿನ ಒಂದು ವಾಯರ್ 12 ವೋಲ್ಟಿಗೆ, ಇನ್ನೊಂದು ಡ್ರೇನಿಗೆ. ಅದೇ ಪಿನ್ನಿನಿಂದ 1 ಕಿಲೋಓಮ್ ಹಾಕಿ ಒಂದು ಎಲ್ಇಡಿ. ಮುಂದೆ ಅಳತೆಗೆ ಬೇಕಾಗುತ್ತದೆ. ನಾಲ್ಕು ಕೈಗೂ ಇದೇ ಪಾಠ, ಪಿನ್ 3, 5, 6, 9 ಬಳಸಿ. ಆರ್ಡುಯಿನೋದ ಗ್ರೌಂಡ್, 12 ವೋಲ್ಟಿನ ಗ್ರೌಂಡ್ ಎರಡೂ ಸೇರಿರಲೇಬೇಕು. ಇದನ್ನು ಮರೆತು ಒಂದು ಇಡೀ ಸಂಜೆ ಕಳೆದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಡಯೋಡ್ ಬಗ್ಗೆ ಒಂದು ಮಾತು. ಸುರುಳಿಗೆ ಕರೆಂಟು ನಿಲ್ಲಿಸಿದ ಕೂಡಲೇ ಅದು ಸುಮ್ಮನಾಗುವುದಿಲ್ಲ. ಒಳಗಿದ್ದ ಶಕ್ತಿಯನ್ನು ದೊಡ್ಡ ವೋಲ್ಟೇಜಾಗಿ ವಾಪಸ್ ಉಗುಳುತ್ತದೆ. ಅದಕ್ಕೊಂದು ದಾರಿ ಮಾಡಿಕೊಡಲು ಸೊಲೆನಾಯ್ಡಿನ ಎರಡು ತುದಿಗೆ ಡಯೋಡ್ ಹಾಕಬೇಕು. ಬಿಳಿ ಗೆರೆ ಇರುವ ಕಡೆ 12 ವೋಲ್ಟಿಗೆ, ಇನ್ನೊಂದು ಕಡೆ ಡ್ರೇನಿಗೆ. ಒಮ್ಮೆ ನಿದ್ದೆಗಣ್ಣಲ್ಲಿ ಉಲ್ಟಾ ಹಾಕಿದ್ದೆ. ಮಾಸ್ಫೆಟ್ ತೆರೆದದ್ದೇ 12 ವೋಲ್ಟ್ ಪೂರ್ತಿ ಡಯೋಡಿನ ಮೂಲಕ ನುಗ್ಗಿತು. ಚಿಟ್ ಅಂತ ಒಂದು ಸದ್ದು, ನೀಲಿ ಹೊಗೆ. "ಏನೋ ಸುಟ್ಟಿದ್ದು?" ಅಂತ ಒಳಗಿಂದ ಆಯಿ ಕೂಗಿದಳು. ಫ್ಯೂಸ್ ಹಾಕುವ ಅಭ್ಯಾಸ ಅವತ್ತಿನಿಂದ.

ದೊಡ್ಡ ಕೆಪಾಸಿಟರನ್ನು 12 ವೋಲ್ಟ್ ಮತ್ತು ಗ್ರೌಂಡ್ ನಡುವೆ, ಮಾಸ್ಫೆಟ್‌ಗಳ ಹತ್ತಿರ ಹಾಕಿ. ಇಲ್ಲದಿದ್ದರೆ ಮೂರು ಕೈ ಒಟ್ಟಿಗೆ ಹೊಡೆದಾಗ ವೋಲ್ಟೇಜ್ ಕುಸಿದು ಆರ್ಡುಯಿನೋ ಮೊದಲಿನಿಂದ ಶುರು ಮಾಡುತ್ತದೆ.

ರಿಲೇ ಬೇಡ. ಅದು ನಿಧಾನ. ಸಾಲದ್ದಕ್ಕೆ ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಗೆ ಅದರ ಕಾಂಟ್ಯಾಕ್ಟ್ ಕಿಲುಬು ಹಿಡಿಯುತ್ತದೆ.

ಒಂದು ಕೈ, ಒಂದು ಹೊಡೆತ

ನಾಲ್ಕನ್ನೂ ಜೋಡಿಸುವ ಮೊದಲು ಒಂದನ್ನೇ ಪಳಗಿಸಿ. ಪ್ರೋಗ್ರಾಮ್ ಇಷ್ಟೇ: ಪಿನ್ 3 ಆನ್ ಮಾಡು, 20 ಮಿಲಿಸೆಕೆಂಡ್ ಕಾಯಿ, ಆಫ್ ಮಾಡು, ಒಂದು ಸೆಕೆಂಡ್ ಸುಮ್ಮನಿರು, ಮತ್ತೆ ಅದೇ.

ಈಗ 20ರ ಜಾಗದಲ್ಲಿ 5 ಹಾಕಿ. ಕೋಲು ಸುಮ್ನೆ ನಡುಗುತ್ತದೆ, ಮುಟ್ಟುವುದಿಲ್ಲ. 10ಕ್ಕೆ ಮೆಲ್ಲಗೆ ತಾಗುತ್ತದೆ. 15ಕ್ಕೆ ದನಿ ಬಿಡುತ್ತದೆ. 22ಕ್ಕೆ ಜಾಗಟೆ ಮೊಳಗುತ್ತದೆ. 60 ಹಾಕಿ ನೋಡಿ. ಕೋಲು ಹೋಗಿ, ಬಡಿದು, ಹಿಂದೆ ಬರಲು ನೋಡಿದರೆ ಸೊಲೆನಾಯ್ಡ್ ಇನ್ನೂ ನೂಕುತ್ತಲೇ ಇರುತ್ತದೆ. ಅದು ಮತ್ತೊಮ್ಮೆ ತಾಗಿ 'ಟಣಟ್' ಅಂತ ನಾದ ಕತ್ತರಿಸಿ ಹೋಗುತ್ತದೆ. ಚಂಡೆಯವರು ಹೇಳಿದ್ದು ಇದನ್ನೇ. ನನ್ನ ಪ್ರೋಗ್ರಾಮಿನಲ್ಲಿ ಆಗ ಇದ್ದದ್ದು 100.

ನಿಮ್ಮ ಅಂಕಿಗಳು ಬೇರೆ ಇರುತ್ತವೆ. ಪ್ರತಿ ಕೈಗೂ ಮೂರು ಅಂಕಿ ಗೋಡೆಯ ಮೇಲೆ ಬರೆದಿಡಿ: ಮೆಲ್ಲಗೆ, ಹದ, ಜೋರು.

ಯಾವ ಕಾರಣಕ್ಕೂ ಒಂದು ಹೊಡೆತ 50 ಮಿಲಿಸೆಕೆಂಡ್ ದಾಟದಂತೆ ಪ್ರೋಗ್ರಾಮಿನಲ್ಲೇ ಬೇಲಿ ಹಾಕಿ. ಈ ಸುರುಳಿಗಳು ಸತತ ಆನ್ ಇರಲು ಮಾಡಿದವಲ್ಲ. ಒಮ್ಮೆ ಪ್ರೋಗ್ರಾಮ್ ಸಿಕ್ಕಿಹಾಕಿಕೊಂಡು ಒಂದು ಕೈ ಆನ್ ಆಗಿಯೇ ಉಳಿಯಿತು. ಚಹಾ ಕುಡಿದು ಬರುವಷ್ಟರಲ್ಲಿ ಮುಟ್ಟಿದ ಬೆರಳು ಸುಟ್ಟಿತು. 1 ಆಂಪಿಯರಿಗೆ ಫ್ಯೂಸ್ ಹೋಗುವುದಿಲ್ಲ ನೋಡಿ. ಆರ್ಡುಯಿನೋದಲ್ಲಿ 'ವಾಚ್‌ಡಾಗ್' ಅಂತ ಒಂದು ಕಾವಲುಗಾರ ಇದೆ. ಮೊದಲೇ ಅದನ್ನು ಆನ್ ಮಾಡಿಟ್ಟಿದ್ದರೆ, ಪ್ರೋಗ್ರಾಮ್ ಸಿಕ್ಕಿಕೊಂಡಾಗ ರೀಸೆಟ್ ಮಾಡುತ್ತದೆ. ರೀಸೆಟ್ ಆದಾಗ ಗೇಟನ್ನು ಕೆಳಗೆ ಎಳೆದು ಹಿಡಿಯುವುದು ಆ 10 ಕಿಲೋಓಮ್ ರೆಸಿಸ್ಟರ್. ಎರಡೂ ಇದ್ದರೆ ನೆಮ್ಮದಿ.

ನಾಲ್ಕು ಕೈ ಒಂದೇ ಹೊತ್ತಿಗೆ

ನಾಲ್ಕೂ ಜೋಡಿಸಿ, ಒಟ್ಟಿಗೆ ಹೊಡೆಯಲು ಹೇಳಿ. 'ಡಣ್' ಅಂತ ಒಂದೇ ಪೆಟ್ಟು ಬರಬೇಕಿತ್ತು. ಬರುವುದು 'ಟ್ರಡಣ್'. ಜಾಗಟೆಯ ಕೋಲು ಭಾರ, ತಡವಾಗಿ ತಲುಪುತ್ತದೆ. ಬಿದಿರಿನದು ಹಗುರ, ಓಡಿಹೋಗಿ ಮೊದಲೇ ಬಡಿದು ಬರುತ್ತದೆ.

ಇದನ್ನು ಅಳೆಯಲು ನಿಮ್ಮ ಮೊಬೈಲ್ ಸಾಕು. ಸ್ಲೋ ಮೋಷನ್ ವಿಡಿಯೋ ಸೆಕೆಂಡಿಗೆ 240 ಚಿತ್ರ ತೆಗೆದರೆ ಒಂದೊಂದು ಚಿತ್ರಕ್ಕೆ 4 ಮಿಲಿಸೆಕೆಂಡ್ ಚಿಲ್ಲರೆ. ಎಲ್ಇಡಿ ಹೊತ್ತಿದ ಚಿತ್ರದಿಂದ ಕೋಲು ತಾಗಿದ ಚಿತ್ರದವರೆಗೆ ಎಣಿಸಿ. ನನ್ನ ಯಂತ್ರದಲ್ಲಿ ಜಾಗಟೆಗೆ 10 ಚಿತ್ರ, ಅಂದರೆ 42 ಮಿಲಿಸೆಕೆಂಡ್. ಹಾಳೆಗೆ 7, ಅಂದರೆ 29. ಕರಟಕ್ಕೆ 5, ಅಂದರೆ 21. ಬಿದಿರಿಗೆ 4, ಅಂದರೆ 17. ಎಲ್ಲಕ್ಕಿಂತ ಸೋಮಾರಿಯಾದ ಜಾಗಟೆಗೆ ಉಳಿದವರು ಕಾಯಬೇಕು. ಹಾಳೆ 13, ಕರಟ 21, ಬಿದಿರು 25 ಮಿಲಿಸೆಕೆಂಡ್ ತಡೆದು ಹೊರಡಲಿ. ಆಗ ನಾಲ್ಕೂ ಒಂದೇ ಗಳಿಗೆಗೆ ತಲುಪುತ್ತವೆ. 25 ಮಿಲಿಸೆಕೆಂಡ್ ಏನು ಮಹಾ ಅನ್ನಿಸಬಹುದು. ಸರಿಪಡಿಸುವ ಮೊದಲು, ಆಮೇಲೆ ಎರಡನ್ನೂ ರೆಕಾರ್ಡ್ ಮಾಡಿ ಕೇಳಿ. ಪೆಟ್ಟಿಗೆ ಒಂದು ತೂಕ ಬಂದಿರುತ್ತದೆ.

ತಾಳ ಕಲಿಸುವುದು

ತ್ರಿವುಡೆ ತಾಳ ನೋಡೋಣ. 7 ಅಕ್ಷರ, 3–2–2 ಆಗಿ ಒಡೆಯುತ್ತದೆ. ಒಂದು ಅಕ್ಷರಕ್ಕೆ ಎರಡು ಮನೆ ಅಂತ ಇಟ್ಟರೆ ಒಟ್ಟು 14 ಮನೆ. ಹೊಡೆಯುವಲ್ಲಿ 1, ಸುಮ್ಮನಿರುವಲ್ಲಿ 0:

ಜಾಗಟೆ: 1 0 0 0 0 0 – 0 0 0 0 – 0 0 0 0
ಹಾಳೆ: 1 0 0 0 0 0 – 1 0 0 0 – 1 0 0 0
ಬಿದಿರು: 1 0 1 0 1 0 – 1 0 1 0 – 1 0 1 0
ಕರಟ: 0 0 0 0 0 1 – 0 0 0 1 – 0 0 1 1

ನಿಮಿಷಕ್ಕೆ 100 ಅಕ್ಷರದ ಲಯ ಅಂದರೆ ಒಂದು ಅಕ್ಷರಕ್ಕೆ 600 ಮಿಲಿಸೆಕೆಂಡ್, ಒಂದು ಮನೆಗೆ 300. ಒಂದು ಆವರ್ತನ ಮುಗಿಯಲು 4.2 ಸೆಕೆಂಡ್. ಒಂದು ನಾಬ್ ಸಿಕ್ಕಿಸಿ ಈ 300ನ್ನು ಹೆಚ್ಚು ಕಡಿಮೆ ಮಾಡಿದರೆ ವಿಳಂಬ, ದ್ರುತ ಎಲ್ಲ ಕೈಯಲ್ಲೇ.

ಪ್ರೋಗ್ರಾಮ್ ಬರೆಯುವಾಗ 'ಡಿಲೇ' ಬಳಸಬೇಡಿ. ಡಿಲೇ ಅಂದರೆ ಆರ್ಡುಯಿನೋ ಕಣ್ಣು ಕಿವಿ ಮುಚ್ಚಿ ಕೂರುತ್ತದೆ. ಜಾಗಟೆಗಾಗಿ ಕಾಯುವಾಗ ಬಿದಿರನ್ನು ಬಿಡಲು ಆಗುವುದಿಲ್ಲ. 'ಮಿಲ್ಲಿಸ್' ಬಳಸಿ. ಅದು ಗಡಿಯಾರ ನೋಡಿದ ಹಾಗೆ. ಪ್ರತಿ ಸುತ್ತಿನಲ್ಲೂ ನಾಲ್ಕು ಕೈಗೂ ಎರಡೇ ಪ್ರಶ್ನೆ: ನಿನ್ನ ಹೊತ್ತು ಬಂತಾ? ಹೊಡೆದಿದ್ದರೆ, ಬಿಡುವ ಹೊತ್ತು ಬಂತಾ?

ಎಲ್ಲ ಹೊಡೆತವೂ ಒಂದೇ ಜೋರಿನಲ್ಲಿ ಬಂದರೆ ಮತ್ತೆ ದೇವಸ್ಥಾನದ ಯಂತ್ರವೇ ಆಯಿತು. 1ರ ಬದಲು 1, 2, 3 ಬರೆಯಿರಿ, ಗೋಡೆಯ ಮೇಲಿನ ಮೂರು ಅಂಕಿಗಳಿಗೆ ಜೋಡಿಸಿ. ಬಿದಿರಿನ ಮೊದಲ ಅಕ್ಷರ ಹದ, ಉಳಿದವು ಮೆಲ್ಲಗೆ. ಇಷ್ಟಕ್ಕೇ ತಲೆದೂಗುವ ಹಾಗೆ ಆಗುತ್ತದೆ. ಲಯವನ್ನು ಬೇಕೆಂದೇ ಅಡ್ಡಾದಿಡ್ಡಿ ಮಾಡಿ 'ಮನುಷ್ಯರ ಹಾಗೆ' ತೋರಿಸುವುದು ನನಗೆ ಹಿಡಿಸಲಿಲ್ಲ. ತಾಳ ತಪ್ಪುವ ಮನುಷ್ಯರ ಹಾಗೆ ಕೇಳಿತು.

ಕಂಪ್ಯೂಟರಿನಿಂದ ನುಡಿಸುವ ಆಸೆ ಇದ್ದರೆ ಮಿಡಿ ಕಲಿಯಿರಿ. 1983ರಿಂದ ವಾದ್ಯಗಳು ಮಾತಾಡಿಕೊಳ್ಳುವ ಭಾಷೆ ಅದು. ಪ್ರತಿ ಹೊಡೆತದ ಜೋರು 0ಯಿಂದ 127ರವರೆಗಿನ ಒಂದು ಅಂಕಿಯಾಗಿ ಬರುತ್ತದೆ. ಅದನ್ನು ನಿಮ್ಮ ಮಿಲಿಸೆಕೆಂಡಿಗೆ ಇಳಿಸಿಕೊಂಡರೆ ಆಯಿತು. ಇದಕ್ಕೆ ಊನೋಗಿಂತ ಆರ್ಡುಯಿನೋ ಲಿಯೊನಾರ್ಡೋ ಸಲೀಸು, ಮಿಡಿ ಪ್ರೋಗ್ರಾಮ್ ಹಾಕಿ ಯುಎಸ್‌ಬಿ ಸಿಕ್ಕಿಸಿದರೆ ಕಂಪ್ಯೂಟರ್ ಅದನ್ನು ವಾದ್ಯವೆಂದೇ ಗುರುತಿಸುತ್ತದೆ. ಅಜಯ್ ಕಪೂರ್ ಎಂಬ ಸಂಗೀತಗಾರ–ಎಂಜಿನಿಯರ್ ಕಟ್ಟಿದ 'ಮಹಾದೇವಿಬಾಟ್'ಗೆ 12 ಕೈ. ಅದೂ ಸೊಲೆನಾಯ್ಡಿನಿಂದಲೇ ಭಾರತದ ತಾಳವಾದ್ಯಗಳನ್ನು ನುಡಿಸುತ್ತದೆ. ನಮ್ಮದು ನಾಲ್ಕಕ್ಕೆ ನಿಂತಿದೆ, ನಿಮ್ಮದು ಎಲ್ಲಿಗೆ ನಿಲ್ಲುತ್ತದೋ.

ಯಂತ್ರಕ್ಕೆ ಕಿವಿ

ಜನರ ಎದುರು ಇಡುವುದಾದರೆ ಇದು ಬೇಕೇ ಬೇಕು. ಸುಮ್ನೆ ತಾನೇ ಬಡಿದುಕೊಳ್ಳುವ ಯಂತ್ರವನ್ನು ಜನ ಅರ್ಧ ನಿಮಿಷ ನೋಡುತ್ತಾರೆ. ತಾವು ಬಡಿದದ್ದಕ್ಕೆ ಉತ್ತರ ಕೊಟ್ಟರೆ ಹೋಗುವುದೇ ಇಲ್ಲ.

27 ಮಿ.ಮೀ.ನ ಪೀಜೋ ಬಿಲ್ಲೆ ತಗೊಳ್ಳಿ. ಜನ ಬಡಿಯಲು ಇಡುವ ಹಲಗೆಯ ಅಡಿಗೆ ಅಂಟಿಸಿ. ಎರಡು ವಾಯರ್ ನಡುವೆ 1 ಮೆಗಾಓಮ್ ರೆಸಿಸ್ಟರ್, ಜೊತೆಗೆ 5.1 ವೋಲ್ಟ್ ಜೀನರ್ ಡಯೋಡ್. ಮಕ್ಕಳು ಗುದ್ದಿದರೆ ಪೀಜೋ ದೊಡ್ಡ ವೋಲ್ಟೇಜ್ ಹುಟ್ಟಿಸುತ್ತದೆ, ಅದಕ್ಕೆ ಈ ಕಾವಲು. ಸಿಗ್ನಲ್ ಎ0 ಪಿನ್ನಿಗೆ. ಅಂಕಿ ಒಂದು ಮಿತಿ ದಾಟಿದರೆ ಅದು ಬಡಿತ. ಆ ಗಳಿಗೆ ಬರೆದಿಟ್ಟುಕೊ, ಮುಂದಿನ 60 ಮಿಲಿಸೆಕೆಂಡ್ ಏನು ಬಂದರೂ ಲೆಕ್ಕಕ್ಕೆ ಹಿಡಿಯಬೇಡ, ಅದು ಹಲಗೆಯ ನಡುಕ. ಒಂದೂವರೆ ಸೆಕೆಂಡ್ ಸದ್ದಿಲ್ಲದಿದ್ದರೆ ಅವರು ಮುಗಿಸಿದರು ಅಂತ ಅರ್ಥ. ಈಗ ಯಂತ್ರದ ಸರದಿ. ಮೊದಲ ಬಡಿತಕ್ಕೆ ಜಾಗಟೆ, ಜೋರಿನವಕ್ಕೆ ಹಾಳೆ, ಮೆಲ್ಲಗಿನವಕ್ಕೆ ಕರಟ, ಬಿದಿರು.

ತನ್ನದೇ ಸದ್ದನ್ನು ಜನರ ಬಡಿತ ಅಂದುಕೊಂಡು ಯಂತ್ರ ತನ್ನೊಡನೆ ತಾನೇ ಜುಗಲ್‌ಬಂದಿಗೆ ಇಳಿಯುವುದುಂಟು. ತಾನು ನುಡಿಸುವಾಗ ಕೇಳಿಸಿಕೊಳ್ಳದಂತೆ ಮಾಡಿ. ಹಲಗೆಯನ್ನು ಯಂತ್ರದಿಂದ ಬೇರೆ ಇಟ್ಟು ಅಡಿಗೆ ಸ್ಪಂಜು ಹಾಕಿ.

ಮಳೆ, ಉಪ್ಪು, ಕರೆಂಟು

ಜೂನ್ ಬಂತೆಂದರೆ ಹಾಳೆ ಡೋಲು ಮೆತ್ತಗಾಗುತ್ತದೆ. ಒಲೆಯ ಹತ್ತಿರ ಕಾಲು ಗಂಟೆ ಇಟ್ಟರೆ ಮತ್ತೆ ಸರಿ. ಕರಾವಳಿಯಲ್ಲಾದರೆ ಬೋಲ್ಟ್ ಎಲ್ಲ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಬೆಸುಗೆ ಹಾಕಿದ ಜಾಗಕ್ಕೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ. ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವಾಯರ್ ಸಿಕ್ಕಿಸುವ ಹಲಗೆ) ಮನೆಯಲ್ಲಿ ಕಲಿಯಲು ಮಾತ್ರ. ಜೀಪಿನಲ್ಲಿ ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಅರ್ಧ ವಾಯರ್ ಕಿತ್ತುಬಂದಿರುತ್ತವೆ.

ಕರೆಂಟಿನ ಭರವಸೆ ಇಲ್ಲದ ಜಾಗಕ್ಕೆ 12 ವೋಲ್ಟ್ 7 ಆಂಪಿಯರ್–ಅವರ್ ಬ್ಯಾಟರಿ ಒಯ್ಯಿರಿ. ಮೇಲಿನ ತ್ರಿವುಡೆಯಲ್ಲಿ ಒಂದು ಆವರ್ತನಕ್ಕೆ 15 ಹೊಡೆತ, ಒಂದೊಂದು 20 ಮಿಲಿಸೆಕೆಂಡ್. ಅಂದರೆ 4.2 ಸೆಕೆಂಡಿನಲ್ಲಿ ಸೊಲೆನಾಯ್ಡ್ ಕೆಲಸ ಮಾಡಿದ್ದು 0.3 ಸೆಕೆಂಡ್ ಮಾತ್ರ. ಸರಾಸರಿ 0.07 ಆಂಪಿಯರ್. ಆರ್ಡುಯಿನೋ ಸೇರಿಸಿದರೂ ದಿನವಿಡೀ ಧಾರಾಳ. ಮೊಬೈಲ್ ಪವರ್‌ಬ್ಯಾಂಕಿನಿಂದ ಆರ್ಡುಯಿನೋ ಓಡಿಸಲು ಹೋಗಬೇಡಿ. ಇಷ್ಟು ಕಡಿಮೆ ಎಳೆದರೆ ಏನೂ ಸಿಕ್ಕಿಸಿಲ್ಲ ಅಂದುಕೊಂಡು ಎಷ್ಟೋ ಪವರ್‌ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ.

ಜನರ ಎದುರಿಗೆ

ಜಾಗ ಆರಿಸುವಾಗ ಸದ್ದಿನ ಲೆಕ್ಕ ಹಾಕಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಜನಸಾಗರ, ಅಲ್ಲಿ ಇಟ್ಟರೆ ಎಷ್ಟು ಜನ ನೋಡುತ್ತಾರೆ ಅಂತ ಆಸೆ ಹುಟ್ಟುವುದು ಸಹಜ. ಬೇಡ. ತೊಟ್ಟಿಲು, ಪೀಪಿ, ಮೈಕುಗಳ ನಡುವೆ ನಿಮ್ಮ ಕರಟದ 'ಟೊಕ್' ಯಾರಿಗೆ ಕೇಳಬೇಕು? ಹೋಳಿ ಹೊತ್ತಿಗೆ ಕುಣಿಯುವ ಬೇಡರ ವೇಷದ ರಾತ್ರಿಯೂ ಬೇಡ. ಆ ತಮಟೆಯ ಎದುರು ಇದು ಕಪ್ಪೆ ಕೂಗಿದ ಹಾಗೆ. ಯಕ್ಷಗಾನದ ರಂಗಸ್ಥಳದ ಪಕ್ಕ ಇಡುವುದು ಮರ್ಯಾದೆಯೂ ಅಲ್ಲ. ಚಂಡೆಯವರ ಎದುರು ಇದನ್ನು 'ಚಂಡೆ ರೋಬೋಟ್' ಅಂತ ಕರೆಯಲೂಬೇಡಿ. ಅವರ ಒಂದು ಉರುಳಿಕೆ ನುಡಿಸಲು ನಿಮಗೆ ಇನ್ನೂ ಹತ್ತು ವರ್ಷ ಬೇಕು.

ಶಾಲೆಯ ಜಗುಲಿ, ಲೈಬ್ರರಿಯ ಹೊರಗಿನ ಕಟ್ಟೆ, ಮನೆಯ ಅಂಗಳ ಒಳ್ಳೆಯವು. ಕಾರವಾರದಲ್ಲಾದರೆ ಟ್ಯಾಗೋರ್ ಕಡಲತೀರ, ಐಎನ್‌ಎಸ್ ಚಪಲ್ ನೌಕೆ ನೋಡಲು ಬರುವ ಮಕ್ಕಳು ಹೇಗೂ ಇರುತ್ತಾರೆ. ಸಂಜೆ ಗಾಳಿ ಕಡಲಿನಿಂದ ಬೀಸುತ್ತದೆ. ಯಂತ್ರದ ಬೆನ್ನು ಕಡಲಿಗಿರಲಿ, ಇಲ್ಲದಿದ್ದರೆ ಬಿಜಾಗರಿಯೊಳಗೆ ಮರಳು ಹೊಕ್ಕುತ್ತದೆ. ಸಾರ್ವಜನಿಕ ಜಾಗಕ್ಕೆ ಮೊದಲೇ ಬರೆದು ಕೊಟ್ಟು ಅನುಮತಿ ತಗೊಳ್ಳಿ. 2000ದ ಶಬ್ದ ಮಾಲಿನ್ಯ ನಿಯಮದಂತೆ ಜನವಸತಿ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಶಾಂತ ವಲಯ ಅಂತ ಘೋಷಿಸಿದ ಕಡೆ ಇನ್ನೂ ಬಿಗಿ. ಶಾಲೆಯಲ್ಲಾದರೆ ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ಪಾಠ ಇಲ್ಲದ ಹೊತ್ತಿಗೆ ಇಡಿ.

ಕೋಲುಗಳ ಮುಂದೆ ಪಾರದರ್ಶಕ ಅಕ್ರಿಲಿಕ್ ಹಾಳೆ ನಿಲ್ಲಿಸಿ. ಮಕ್ಕಳ ಕಣ್ಣು ಸರಿಯಾಗಿ ಆ ಎತ್ತರಕ್ಕೇ ಬರುತ್ತದೆ. ಬಡಿಯುವ ಹಲಗೆ ಮಾತ್ರ ಹೊರಗೆ, ನೆಲದಿಂದ ಎರಡಡಿ ಮೇಲೆ. ಎಸ್‌ಎಂಪಿಎಸ್ ಬಳಸಿದರೆ ಮುಚ್ಚಿದ ಪೆಟ್ಟಿಗೆಯೊಳಗಿರಲಿ, ಜನರ ಕೈಗೆ ಸಿಗುವ ಕಡೆ 12 ವೋಲ್ಟಿಗಿಂತ ಜಾಸ್ತಿ ಏನೂ ಇರಬಾರದು. ವಾಯರುಗಳನ್ನು ಮುಚ್ಚಿಡಬೇಡಿ. ಕಾಣುವ ಹಾಗೆ, ಬಣ್ಣ ಬಣ್ಣವಾಗಿ ಇಟ್ಟರೆ ಅದೂ ನೋಡುವ ವಸ್ತುವೇ. ದೊಡ್ಡ ಅಕ್ಷರದಲ್ಲಿ ಒಂದು ಬೋರ್ಡು: "ಇಲ್ಲಿ ಬಡಿಯಿರಿ. ಆಮೇಲೆ ಕಾಯಿರಿ." ಎರಡನೇ ವಾಕ್ಯ ಇಲ್ಲದೆ ಮೊದಲ ಸಲ ಇಟ್ಟಾಗ ಯಾರೂ ನಿಲ್ಲಿಸಲೇ ಇಲ್ಲ, ಯಂತ್ರಕ್ಕೆ ಸರದಿಯೇ ಬರಲಿಲ್ಲ.

ಒಮ್ಮೆ ಶಾಲೆಯೊಂದರ ಜಗುಲಿಯಲ್ಲಿ ಇಟ್ಟಿದ್ದೆ. ಮೊಮ್ಮಗನನ್ನು ಕರೆದೊಯ್ಯಲು ಬಂದ ಅಜ್ಜಿಯೊಬ್ಬರು ದೂರ ನಿಂತು ನೋಡಿದರು. "ಬಡೀರಿ ಅಜ್ಜಿ, ಏನೂ ಆಗೂದಿಲ್ಲ" ಅಂದೆ. ಬೆರಳ ಗಂಟಿನಿಂದ ಭಜನೆಯ ತಾಳ ಹಾಕಿದರು. ಯಂತ್ರ ವಾಪಸ್ ಹಾಕಿತು. ಅಜ್ಜಿ ಎರಡು ಪೆಟ್ಟು ಸೇರಿಸಿದರು. ಅದೂ ಸೇರಿಸಿತು. ಐದಾರು ಸುತ್ತಾದ ಮೇಲೆ ಮೊಮ್ಮಗನ ಕಡೆ ತಿರುಗಿ, "ನಿಂಗಿಂತ ಲಾಯ್ಕ್ ಮಾತು ಕೇಳ್ತು ನೋಡು" ಅಂದರು.

ಹಂಚಿಕೊಳ್ಳುವುದು

ಪ್ರೋಗ್ರಾಮ್, ಸರ್ಕ್ಯೂಟ್ ಚಿತ್ರ, ಅಳತೆ ಮೂರನ್ನೂ ಮುಕ್ತವಾಗಿ ಇಡಿ. ಚಿತ್ರ, ಬರಹಕ್ಕೆ ಕ್ರಿಯೇಟಿವ್ ಕಾಮನ್ಸಿನ 'ಸಿಸಿ ಬಿವೈ' ಪರವಾನಗಿ ಹಾಕಿದರೆ ಬೇರೆಯವರು ನಿಮ್ಮ ಹೆಸರು ಹೇಳಿ ಬಳಸಬಹುದು, ತಿದ್ದಬಹುದು. ಚಂದದ ವಿಡಿಯೋ ಒಂದು ನಿಮಿಷ ಸಾಕು. ಅದಕ್ಕಿಂತ ಯಂತ್ರದ ಹಿಂಭಾಗದ ಫೋಟೋ ಹಾಕಿ, ಮಾಡುವವರಿಗೆ ಬೇಕಾದದ್ದು ಅದು. ನಿಮ್ಮ ಮೂರು ಅಂಕಿಗಳ ಪಟ್ಟಿ ಹಾಕಿ. ಸುಟ್ಟ ಡಯೋಡಿನ ಕತೆಯೂ ಇರಲಿ. ತಾಳ ಯಾರಾದರೂ ಹೇಳಿಕೊಟ್ಟಿದ್ದರೆ ಕೇಳಿ, ಒಪ್ಪಿದರೆ ಅವರ ಹೆಸರು ಮೊದಲು ಬರೆಯಿರಿ. ಎಲ್ಲವನ್ನೂ ಕನ್ನಡದಲ್ಲೇ ಬರೆಯಿರಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ಓದಿ ಮಾಡುವ ಹಾಗಿರಲಿ.

ವಾಪಸ್ ಹೊರಡುವಾಗ ಮೊದಲು ಬ್ಯಾಟರಿ ಕಳಚಿ, ಆಮೇಲೆ ಕೋಲುಗಳನ್ನು ಬಟ್ಟೆಯಲ್ಲಿ ಸುತ್ತಿ. ಜಾಗಟೆಯನ್ನು ಮಾತ್ರ ಬೇರೆ ಚೀಲದಲ್ಲಿ ಹಾಕಿಕೊಳ್ಳಿ. ದೀಪ ಹಚ್ಚುವ ಹೊತ್ತಿಗೆ ಅದು ದೇವರ ಕೋಣೆಯಲ್ಲಿ ಇರದಿದ್ದರೆ ನಮ್ಮ ಮನೆಯಲ್ಲಂತೂ ಮುಂದಿನ ಪ್ರದರ್ಶನಕ್ಕೆ ಸಿಗುವುದಿಲ್ಲ.